ಅತಿಥಿಗೊಂದು ತಿಥಿ

ಹೆಸರಿನ ಮುಂದೆ ಒಂದು ಚೌಕ.
ಟಿಕ್ ಇದ್ದರೆ ಒಳಗೆ, ತೆಗೆದರೆ ಹೊರಗೆ.
ಇಷ್ಟೇ ನನ್ನ ಕೆಲಸ, ಐರೋಲಿಯ ಏಳನೇ ಮಹಡಿಯಲ್ಲಿ.
ಕಿಟಕಿಯಾಚೆ ಖಾಡಿ, ನೀರಿಳಿದಾಗ ಕೆಸರು,
ಕೆಸರಲ್ಲಿ ಕೆಲವು ದಿನ ಫ್ಲೆಮಿಂಗೊ.
ನೋಡುವುದು ಊಟದ ಹೊತ್ತಿನಲ್ಲಿ ಮಾತ್ರ.

ಕಡತ ಒಂದು, ಮನೆ ಮೂರು:
ನೀರಿನ ಇಲಾಖೆ, ಪೈಪು ಹೂಳುವ ಗುತ್ತಿಗೆದಾರರು,
ನಕ್ಷೆ ಬರೆಯುವ ಪುಣೆಯ ಹುಡುಗರು.
ಮೂವರೂ ತೆರೆಯುವುದು ಅದೇ ಹಾಳೆ.
ಒಬ್ಬರನ್ನೊಬ್ಬರು ನಂಬುವುದಿಲ್ಲ,
ಅದಕ್ಕೇ ನನಗೆ ಸಂಬಳ.
ಯಾರು ಓದಬಹುದು, ಯಾರು ತಿದ್ದಬಹುದು,
ಇಂಥದೊಂದು ಹಾಳೆ ಇದೆಯೆಂಬುದೇ
ಯಾರಿಗೆ ತಿಳಿಯಬಾರದು.

ಹೊರಗಿನವರಿಗೆಲ್ಲ ಒಂದೇ ಬಿರುದು: ಅತಿಥಿ.
ವಡಾಳಾದ ಕನ್ನಡ ಶಾಲೆಯಲ್ಲಿ ಕುಂದರ್ ಮಾಸ್ತರು
ಬೆಂಚಿನ ಮೇಲೆ ನಿಲ್ಲಿಸಿ ಬಾಯಿಪಾಠ ಮಾಡಿಸಿದ್ದರು,
ತಿಥಿ ಗೊತ್ತುಮಾಡದೆ ಬರುವವನು ಅತಿಥಿ.
ಇಲ್ಲಿ ಹಾಗಲ್ಲ ಮಾಸ್ತರೇ.
ಬಾಗಿಲು ತೆರೆಯುವ ಮೊದಲೇ
ಅವನ ತಿಥಿ ಬರೆದಿಡುತ್ತೇವೆ,
ದಿನ, ತಿಂಗಳು,
ರಾತ್ರಿ ಹನ್ನೊಂದು ಐವತ್ತೊಂಬತ್ತು.

ಮಾರ್ಚ್ ಮೂವತ್ತೊಂದು. ಗುತ್ತಿಗೆ ಮುಗಿಯಿತು.
ನಲವತ್ತಾರು ಅತಿಥಿಗಳನ್ನು ಕಳಿಸಿಕೊಡಬೇಕು.
ಎಲೆ ಅಡಿಕೆ ಇಲ್ಲ, ಹೋಗಿ ಬನ್ನಿ ಇಲ್ಲ.
ಇಪ್ಪತ್ತೊಂಬತ್ತನೆಯ ಹೆಸರು ಭಿಕಾಜಿ ಘಾಡಿಗಾಂವ್ಕರ್.
ಕೊನೆಯ ಪ್ರವೇಶ: ಇಂದು, ಬೆಳಗಿನ ನಾಲ್ಕು ಹದಿನೆಂಟು.

ಈ ಹೊತ್ತು ನನಗೆ ಗೊತ್ತು.
ನಾಲ್ಕು ಇಪ್ಪತ್ತಕ್ಕೆ ಭಾಂಡೂಪಿನ ನಮ್ಮ ಗಲ್ಲಿಯಲ್ಲಿ
ಫರಸಿಯ ಮೇಲೆ ಕಬ್ಬಿಣ ಎಳೆದ ಸದ್ದು.
ಎದೆಯೆತ್ತರದ ಕೀಲಿ, ತಲೆಗೊಂದು ಅಡ್ಡಹಿಡಿ,
ಮುಚ್ಚಳ ಸರಿಸಿ ಗುಂಡಿಯೊಳಗೆ ಇಳಿಸಿ
ಗಾಣದೆತ್ತಿನ ಹಾಗೆ ಸುತ್ತುತ್ತಾನೆ ಒಬ್ಬ.
ನಲ್ಲಿ ಮೊದಲು ಕೆಮ್ಮುತ್ತದೆ, ಆಮೇಲೆ ನೀರು.
ಹನ್ನೊಂದು ವರ್ಷ ಅವನನ್ನು
ಚಾವಿವಾಲಾ ಎಂದೇ ಕರೆದೆವು.
ಹೆಸರು ಸಿಕ್ಕಿದ್ದು ಇಲ್ಲಿ,
ಅಳಿಸಬೇಕಾದ ಸಾಲಿನಲ್ಲಿ.

ಷರಾ ಕಾಲಂ ತೆರೆದೆ. ಮುನ್ನೂರಕ್ಕೂ ಮೇಲೆ, ಎಲ್ಲ ಅವನದೇ:
‘ಮೋರಿ ಪಕ್ಕದ ವಾಲ್ವ್. ನಕ್ಷೆಯಲ್ಲಿ ಹನ್ನೆರಡು ಸುತ್ತು. ಸುಳ್ಳು.
ಹದಿನಾಲ್ಕು. ಕೊನೆಯ ಎರಡು ಮೆತ್ತಗೆ.’
‘ಹಿಟ್ಟಿನ ಗಿರಣಿ ಹಿಂದಿನದು ಎಡಕ್ಕೆ ತೆರೆಯುತ್ತದೆ. ಅಜ್ಜನ ಕಾಲದ್ದು.’
‘ಈ ಮುಚ್ಚಳದ ಮೇಲೆ ಒಬ್ಬಾಕೆ ಬೊಂಬಿಲ್ ಮಾರುತ್ತಾಳೆ,
ಆರರೊಳಗೆ ಮುಗಿಸಿ.’

ಅವಧಿ ವಿಸ್ತರಿಸಲು
ಒಬ್ಬರಾದರೂ ಹೊಣೆ ಹೊರಬೇಕು. ಬರೆದು ಕೇಳಿದೆ.
ಇಲಾಖೆ: ನಮ್ಮ ಸಿಬ್ಬಂದಿಯಲ್ಲ.
ಗುತ್ತಿಗೆದಾರರು: ನಾಳೆಯಿಂದ ನಮ್ಮವನೂ ಅಲ್ಲ.
ಪುಣೆಯವರು: ಯಾರಿದು?

ಟಿಕ್ ತೆಗೆದೆ.
ಖಚಿತವೇ, ಎಂದು ಯಂತ್ರ ಒಮ್ಮೆ ಕೇಳಿತು,
ಅಷ್ಟಾದರೂ ಕೇಳಿತು.
ಷರಾಗಳು ಒಂದೂ ಹೋಗಲಿಲ್ಲ.
ಬರೆದವನ ಹೆಸರಿದ್ದಲ್ಲಿ ಮಾತ್ರ,
ಮುನ್ನೂರು ಸಲ, ಬೂದು ಅಕ್ಷರದಲ್ಲಿ,
‘ಹಿಂದಿನ ಅತಿಥಿ’.

ಮರುದಿನ ನಾಲ್ಕು ಹತ್ತಕ್ಕೇ ಎಚ್ಚರ.
ಬಕೆಟ್ಟು ಹಿಡಿದು ಪಾಳಿಯಲ್ಲಿ ನಿಂತೆ.
ಇವತ್ತು ಯಾರ ಆಳೋ ಅವನು, ಬಂದ.
ಕಬ್ಬಿಣ ಎಳೆದ ಸದ್ದು. ಎಣಿಸಿದೆ.
ಹದಿನಾಲ್ಕು. ಕೊನೆಯ ಎರಡು ಮೆತ್ತಗೆ.
ಕೀಲಿಯನ್ನು ಗೋಡೆಗೆ ಒರಗಿಸಿ
ಅಂಗಿಗೆ ಕೈ ಒರೆಸಿ ಫೋನು ತೆಗೆದ.
‘ತಾಈ, ನೀವು ಆಫೀಸಿಗೆ ಹೋಗುವವರು.
ನೋಡಿ ಇದೊಂದು, ತೆರೆಯುತ್ತಿಲ್ಲ.
ಗಿರಣಿ ಹಿಂದಿನದು ರಾತ್ರಿ ಸೋರುತ್ತಿತ್ತು, ಬರೆದಿಡಬೇಕಿತ್ತು.’

ಗಾಜಿನ ಮೇಲೆ ಅವನ ಹೆಬ್ಬೆರಳಿನ ಗ್ರೀಸು,
ಅದರ ಕೆಳಗೆ ನಾನೇ ಆರಿಸಿಟ್ಟ ವಾಕ್ಯ:
ನಿಮಗೆ ಅನುಮತಿ ಇಲ್ಲ.
ನಿರ್ವಾಹಕರನ್ನು ಸಂಪರ್ಕಿಸಿ.

ನಲ್ಲಿ ಕೆಮ್ಮಿತು.
ಹಿಂದಿನವಳು ಕೊಡದಿಂದ ಬೆನ್ನಿಗೆ ತಿವಿದಳು,
ಮುಂದೆ ಸರಿ, ನಿನ್ನದೇ ಪಾಳಿ.